ಬುಧವಾರದ ಸೂಜಿ

ಮಕ್ಕಳಿಗೆ ಸೂಜಿ ಹಾಕೋ ದಿನ ಬುಧವಾರ ಅಂತ ಯಾವ ಪುಣ್ಯಾತ್ಮರು ಗೊತ್ತು ಮಾಡಿದರೋ, ಅವರು ಸೇಲಂ ಹತ್ತಿರದ ತಾರಮಂಗಲಂ ನೇಕಾರರ ಬೀದಿಯನ್ನ ಒಂದು ಸಲವೂ ನೋಡಿರಲಿಕ್ಕಿಲ್ಲ. ಆ ಬೀದಿಯಲ್ಲಿ ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕೋದಿಲ್ಲ. ಅದಕ್ಕೇ ಬುಧವಾರ ಬೆಳ್ಳಂಬೆಳಿಗ್ಗೆ ಹಾಸು ಬೀದಿಗೆ ಬರುತ್ತೆ. ಹಾಸು ಅಂದರೆ ಸೀರೆಯ ಉದ್ದದ ಎಳೆಗಳು, ಸಾವಿರಾರು ಎಳೆ. ಈ ಮನೆ ಬಾಗಿಲಿಂದ ಆ ಕೊನೆ ಕಂಬದವರೆಗೆ ಎಳೆದು ಕಟ್ಟಿ, ಗಂಜಿ ಬಳಿದು, ಬಿಸಿಲೇರೋ ಮುಂಚೆ ಒಂದಕ್ಕೊಂದು ಅಂಟದ ಹಾಗೆ ಬಿಡಿಸಬೇಕು. ಬೀದಿಗೆ ಬೀದಿಯೇ ನಿಂತು ಮಾಡೋ ಕೆಲಸ ಅದು. ಇವತ್ತು ನೀವು ಹೋಗಲಿಲ್ಲ ಅಂದರೆ ನಾಳೆ ನಿಮ್ಮ ಮನೆ ಕೆಲಸಕ್ಕೆ ಯಾರೂ ಬರೋದಿಲ್ಲ. ಮನೇಲಿ ಕನ್ನಡ, ಅಂಗಡೀಲಿ ತಮಿಳು ಮಾತಾಡ್ಕೊಂಡು ನಾಲ್ಕು ತಲೆಮಾರು ಹೀಗೇ ಕಳೆದಿದ್ದಾರೆ.

ರಾಜಾತಿಗೆ ಬುಧವಾರ ಅಂದರೆ ಉಸಿರಾಡೋಕೂ ಪುರುಸೊತ್ತಿಲ್ಲ. ಅವಳ ಕೈ ಅಷ್ಟು ಚುರುಕು, ಎಲ್ಲರಿಗೂ ಅವಳೇ ಬೇಕು. ಮನೇಲಿ ಎರಡು ಮಗ್ಗ, ಒಂದು ಅವಳದ್ದು, ಒಂದು ಗಂಡ ಶರವಣಕುಮಾರನದ್ದು. ಇರೋಳು ಒಬ್ಬಳೇ ಮಗಳು, ಜಯಪ್ರಿಯಾ. ಈಗ ಎಂಟು ವರ್ಷ, ಮೂರನೇ ಕ್ಲಾಸು. ಅವಳನ್ನ ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಜಡೆ ಹಾಕಿದ್ದು ಎಲ್ಲಾ ರಾಜಾತಿಯ ತಾಯಿ ಗುಂಡಮ್ಮ. ಗಂಡ ಸತ್ತ ಮೇಲೆ, ಮಗಳ ಬಾಣಂತನಕ್ಕೆ ಅಂತ ಓಮಲೂರಿಂದ ಬಂದವಳು ಅಲ್ಲೇ ಉಳಿದಳು. ಸೂಜಿ ಹಾಕಿಸೋ ಬುಧವಾರ ಬಂದರೆ ಮಗು ಗುಂಡಮ್ಮನ ಸೊಂಟದ ಮೇಲೆ. ಮಧ್ಯಾಹ್ನ ವಾಪಸ್ ಬರೋವಾಗ ಮಗುವಿನ ತೊಡೆ ಮೇಲೆ ಒಂದು ಚೂರು ಹತ್ತಿ, ಅದರ ಮೇಲೆ ಪ್ಲಾಸ್ಟರು.

"ಊಸಿ ಆಕ್ಸಿದೆ ಕಣವ್ವ. ವಸಿ ಅತ್ತಳು. ನೀನು ಓಗು, ನಾನು ಮಲಗುಸ್ತೀನಿ" ಅನ್ನೋಳು ಗುಂಡಮ್ಮ. ರಾಜಾತಿ ಗಂಜಿ ಮೆತ್ತಿದ ಕೈಯನ್ನ ಸೀರೆಗೆ ಒರೆಸ್ಕೊಂಡು, ಮಗುವಿನ ಪಾದಕ್ಕೆ ಒಂದು ಮುತ್ತು ಕೊಟ್ಟು, ಮತ್ತೆ ಬೀದಿಗೆ ಓಡೋಳು. ಹೆತ್ತ ತಾಯಿ. ಅವಳನ್ನ ನಂಬಬಾರದು ಅಂದರೆ ಇನ್ಯಾರನ್ನ ನಂಬೋದು ಹೇಳಿ.

ಒಂದು ಗುರುವಾರ ಸಾಯಂಕಾಲ ಜಯಪ್ರಿಯಾ ಸ್ಕೂಲಿಂದ ಬಂದು ಗಂಟಲು ನೋವು ಅಂದಳು. ಮೈ ಸುಮ್ಮನೆ ಬೆಚ್ಚಗಿತ್ತು, ಅಂಥಾ ಜ್ವರವೇನೂ ಅಲ್ಲ. ಆದರೆ ಹುಡುಗಿ ಹಿಂಡಿದ ಬಟ್ಟೆ ಹಾಗೆ ಮುದುಡಿ ಮಲಗಿಬಿಟ್ಟಳು. ಶುಕ್ರವಾರ ರಾಜಾತಿ, ಗುಂಡಮ್ಮ ಇಬ್ಬರೂ ಅವಳನ್ನ ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿಗೆ ಕರ್ಕೊಂಡು ಹೋದರು. ಅಲ್ಲಿದ್ದ ವಯಸ್ಸಾದ ಡಾಕ್ಟರು ಬಾಯಿ ತೆಗೆಸಿ ನೋಡಿ, ಒಳಗೆ ಬೆಳ್ಳಗೆ ಏನೋ ಕಟ್ಟಿದೆಯಲ್ಲಾ ಅಂತ ಹುಬ್ಬು ಗಂಟು ಹಾಕಿದರು.

"ಸಣ್ಣ ಮಗುವಿನಿಂದ ಹಾಕೋ ಸೂಜಿ ಎಲ್ಲಾ ಹಾಕ್ಸಿದ್ದೀರಾಮ್ಮಾ? ಸರಿಯಾಗಿ ಹೇಳಿ, ಒಂದು ಬಿಟ್ಟಿದ್ದರೂ ನಾನು ಬೇರೆ ಥರ ಯೋಚನೆ ಮಾಡಬೇಕು."

"ಒಂದೂ ಬಿಟ್ಟಿಲ್ಲ ಸಾರ್" ಅಂದಳು ರಾಜಾತಿ. ಡಾಕ್ಟರು ಇನ್ನೂ ನೋಡ್ತಾನೇ ಇದ್ದರು. ಅವಳಿಗೆ ತನ್ನನ್ನ ನಂಬ್ತಿಲ್ಲ ಅನ್ನಿಸಿ ಸಿಟ್ಟೇ ಬಂತು. ಅಂಗೈಯನ್ನ ಮಗಳ ನೆತ್ತಿ ಮೇಲೆ ಇಟ್ಟು, "ಇವಳ ತಲೆ ಮ್ಯಾಲಾಣೆ ಸಾರ್. ಎಲ್ಲಾ ಆಕ್ಸಿದೀವಿ" ಅಂದಳು.

ಆ ಬೀದಿಯಲ್ಲಿ ಮಗುವಿನ ತಲೆ ಮುಟ್ಟಿ ಆಣೆ ಮಾಡೋದು ಅಂದರೆ ತಮಾಷೆ ಅಲ್ಲ. ಸುಳ್ಳಾದರೆ ಹೋಗೋದು ಆಣೆ ಮಾಡಿದವರ ಜೀವ ಅಲ್ಲ, ಆ ಮಗುವಿನದು. ದೊಡ್ಡ ದೊಡ್ಡ ಕಳ್ಳರೂ ಆ ಆಣೆಗೆ ಕೈ ಮುಂದೆ ಮಾಡೋದಿಲ್ಲ. ಗುಂಡಮ್ಮ ಅಲ್ಲೇ, ಒಂದು ಮೊಳ ದೂರದಲ್ಲಿ, ಗೋಡೆಗೆ ಒರಗಿ ನಿಂತಿದ್ದಳು. ಒಂದು ಮಾತಾಡಲಿಲ್ಲ. ಡಾಕ್ಟರು ಹಾಗಾದರೆ ಟಾನ್ಸಿಲ್ಲೇ ಇರಬೇಕು ಅಂತ ಮಾತ್ರೆ ಬರೆದು ಕಳಿಸಿದರು.

ಶನಿವಾರ ಹೋಯ್ತು, ಭಾನುವಾರ ಹೋಯ್ತು. ಭಾನುವಾರದ ಹೊತ್ತಿಗೆ ಹುಡುಗಿಯ ಕತ್ತು ಎರಡೂ ಕಡೆ ಊದಿ, ಗದ್ದಕ್ಕೂ ಎದೆಗೂ ನಡುವೆ ಕತ್ತೇ ಇಲ್ಲದ ಹಾಗೆ ಕಾಣ್ತಿತ್ತು. ಬಾಯಿಂದ ಕೆಟ್ಟ ವಾಸನೆ. ಉಸಿರು ಎಳೆದರೆ ಗೊರಗೊರ. ಗುಂಡಮ್ಮ ಅರಿಶಿನ ನೀವಿದಳು, ದೃಷ್ಟಿ ತೆಗೆದಳು, ಮಾರಿಯಮ್ಮನಿಗೆ ಹರಕೆ ಕಟ್ಟಿಕೊಂಡಳು. ಮಾಡಬೇಕಾದ್ದು ಒಂದು ಬಿಟ್ಟು ಎಲ್ಲಾ ಮಾಡಿದಳು.

ಸೋಮವಾರ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ಸೇಲಂ ದೊಡ್ಡಾಸ್ಪತ್ರೆಗೆ ಓಡಿದರು. ಮಕ್ಕಳ ವಾರ್ಡಿನಲ್ಲಿ ಇದ್ದವಳು ಸತ್ಯಾ ಅನ್ನೋ ಡಾಕ್ಟರು, ಮೆಟ್ಟೂರು ಕಡೆಯ ಹುಡುಗಿ, ಮೂವತ್ತು ದಾಟಿರಲಿಲ್ಲ. ತಮಿಳಲ್ಲೇ ಮಾತು. ಟಾರ್ಚು ಬಿಟ್ಟು, ಕಡ್ಡಿಯಿಂದ ನಾಲಿಗೆ ಒತ್ತಿ ಹಿಡಿದು ನೋಡಿದಳು. ಗಂಟಲ ತುಂಬಾ ಬೂದು ಬಣ್ಣದ ಪೊರೆ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದರ ಅಂಚು ಮುಟ್ಟಿದ್ದೇ ತಡ, ರಕ್ತ ಒಸರಿತು. ಡಾಕ್ಟರಮ್ಮನ ಮುಖ ಬದಲಾಯಿತು.

"ಸೂಜಿ ಹಾಕ್ಸಿದ್ದೀರಾ?"

"ಎಲ್ಲಾ ಆಕ್ಸಿದೀವಿ ಮೇಡಂ."

"ಕಾರ್ಡ್ ಎಲ್ಲಿ?"

"ಕಾರ್ಡು ನಮ್ಮವ್ವನ ಹತ್ರ ಇತ್ತು. ಮಳೇಲಿ ಮನೆ ಸೋರಿದಾಗ ನೆಂದು ಹೋಯ್ತು ಅಂದ್ಳು."

"ನೋಡಿದರೆ ಗಂಟಲಮಾರಿ, ಡಿಫ್ತೀರಿಯಾ ಥರಾನೇ ಇದೆ. ಎಲ್ಲಾ ಸೂಜಿ ಬಿದ್ದಿರೋ ಮಗುಗೆ ಇಷ್ಟು ಜೋರಾಗಿ ಬರೋದು ನಾನು ನೋಡಿಲ್ಲ. ನಿಜ ಹೇಳ್ತಿದ್ದೀರಾಮ್ಮಾ?"

ರಾಜಾತಿ ಮತ್ತೆ ಮಗಳ ತಲೆ ಮೇಲೆ ಕೈಯಿಟ್ಟಳು. ಮತ್ತೆ ಅದೇ ಆಣೆ. ಹಿಂದೆ ಗುಂಡಮ್ಮ ನೀರಿನ ಬಾಟ್ಲಿ, ಬಟ್ಟೆ ಚೀಲ ಹಿಡಿದು ನಿಂತಿದ್ದಳು. ಈ ಸಲ ಅವಳ ಬಾಯಿ ಒಂಚೂರು ತೆರೆದಿತ್ತಂತೆ, ಪಕ್ಕದ ಹಾಸಿಗೆಯ ಹೆಂಗಸು ಆಮೇಲೆ ಹೇಳಿದಳು. ತೆರೆದು, ಮತ್ತೆ ಮುಚ್ಚಿಕೊಂಡಿತು.

ಆದರೆ ಸತ್ಯಾ ಡಾಕ್ಟರು ಬಿಡೋ ಆಸಾಮಿ ಅಲ್ಲ. ಮಗುವನ್ನ ಬೇರೆ ರೂಮಿಗೆ ಹಾಕಿಸಿ, ಗಂಟಲಿಂದ ಹತ್ತಿಯಲ್ಲಿ ತೆಗೆದದ್ದನ್ನ ಲ್ಯಾಬಿಗೆ ಕಳಿಸಿ, ಪೆನ್ಸಿಲಿನ್ ಶುರು ಮಾಡಿ, ತಾರಮಂಗಲಂ ನರ್ಸಿನ ನಂಬರು ಹುಡುಕಿಸಿದಳು. ಕೈಗೆ ಗ್ಲೌಸ್ ಇದ್ದದ್ದರಿಂದ ಫೋನು ಸ್ಪೀಕರಿನಲ್ಲಿ ಹಾಕಿ ಮೇಜಿನ ಮೇಲಿಟ್ಟಳು. ರಾಜಾತಿ, ಗುಂಡಮ್ಮ ಇಬ್ಬರೂ ಅಲ್ಲೇ ಇದ್ದರು.

ಆ ಕಡೆಯಿಂದ ಗಂಗಾಲಕ್ಷ್ಮಿ ಅನ್ನೋ ನರ್ಸಮ್ಮ ನಿಧಾನಕ್ಕೆ ನೆನೆಸಿಕೊಂಡು ಹೇಳಿದಳು. "ಗುಂಡಮ್ಮ ಪಾಟ್ಟಿ ಮೊಮ್ಮಗಳಾ? ಆ ಮಗುಗೆ ನಾವು ಹಾಕಿದ್ದು ಒಂದೇ ಒಂದು ಡಾಕ್ಟರ್, ಒಂದೂವರೆ ತಿಂಗಳು ತುಂಬಿದಾಗ. ಆಮೇಲೆ ನಾನು ಯಾವಾಗ ಕೇಳಿದರೂ ಪಾಟ್ಟಿ, ನಮ್ಮ ಹುಡುಗಿ ಸೇಲಂ ಪ್ರೈವೇಟಲ್ಲಿ ಹಾಕ್ಸ್ತಾಳೆ, ನಮಗೆ ನಿಮ್ಮದು ಬೇಡ ಅಂತಿದ್ರು. ಎರಡು ಸಲ ಮನೆಗೇ ಹೋಗಿದ್ದೆ. ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿದ್ರು."

ರಾಜಾತಿಗೆ ಮೊದಲು ಅರ್ಥ ಆಗಲಿಲ್ಲ. ಬೇರೆ ಯಾರದೋ ಮಗುವಿನ ವಿಷಯ ಹೇಳ್ತಿದ್ದಾರೆ ಅನ್ನಿಸಿತು. ಬೇರೆ ಗುಂಡಮ್ಮ ಇರಬಹುದು. ತಿರುಗಿ ತಾಯಿಯ ಮುಖ ನೋಡಿದಳು, ಅವಳು ಜೋರು ಬಾಯಿ ಮಾಡಿ ನರ್ಸಮ್ಮನನ್ನ ಬೈಯಲಿ ಅಂತ ಕಾದಳು. ಗುಂಡಮ್ಮ ತಲೆ ಎತ್ತಲಿಲ್ಲ. ಬಾಟ್ಲಿಯ ಮುಚ್ಚಳವನ್ನ ತಿರುಗಿಸ್ತಾ ನಿಂತಿದ್ದಳು.

ಆಗ ತಿಳಿಯಿತು ನೋಡಿ. ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಬೈಯೋಕೆ ಟೈಮಿಲ್ಲ ಅಂತ ಫೋನು ತಗೊಂಡು, ವಿಷ ಹಿಡಿಯೋ ಮದ್ದು ಎಲ್ಲಿದೆ, ಎಷ್ಟಿದೆ ಅಂತ ಕೇಳ್ತಾ ಹೊರಗೆ ಓಡಿದಳು.

ಮದ್ದು ಬರೋದಕ್ಕೆ ಮೂರು ಗಂಟೆ ಹಿಡಿಯಿತು. ಕುದುರೆಯ ರಕ್ತದಿಂದ ಮಾಡೋ ಮದ್ದಂತೆ. ಮೈಗೆ ಒಗ್ಗುತ್ತೋ ಇಲ್ಲವೋ ಅಂತ ಮೊದಲು ಚರ್ಮಕ್ಕೆ ಒಂದು ತೊಟ್ಟು ಚುಚ್ಚಿ ಕಾದು, ಆಮೇಲೆ ಡ್ರಿಪ್ಪಿನಲ್ಲಿ ಬಿಟ್ಟರು. ಅದು ಹನಿ ಹನಿಯಾಗಿ ಇಳೀತಿರೋವಾಗ ರಾಜಾತಿ ಡಾಕ್ಟರಮ್ಮನನ್ನ ಕೇಳಿದಳು, ನನ್ನ ಮಗುವಿನ ಒಳಗೆ ಏನಾಗ್ತಾ ಇದೆ, ನನಗೆ ಅರ್ಥ ಆಗೋ ಹಾಗೆ ಹೇಳಿ ಅಂತ. ಸತ್ಯಾ ಸ್ಟೂಲ್ ಎಳೆದುಕೊಂಡು ಕೂತಳು.

"ಈ ರೋಗದ ಕ್ರಿಮಿ ಮೈಯೆಲ್ಲಾ ಓಡಾಡೋದಿಲ್ಲಮ್ಮ. ಗಂಟಲಲ್ಲೇ ಕೂತಿರುತ್ತೆ. ಕೂತಲ್ಲಿಂದ ವಿಷ ಬಿಡುತ್ತೆ. ಆ ವಿಷ ರಕ್ತದ ಜೊತೆ ಎಲ್ಲಾ ಕಡೆ ಹೋಗುತ್ತೆ. ನಮ್ಮ ಮೈ ಅಂದರೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಜೀವಕೋಶ. ಒಂದೊಂದಕ್ಕೂ ಮೇಲ್ಗಡೆ ಬಾಗಿಲುಗಳ ಥರ ಇರುತ್ತೆ, ಅದರ ಸ್ವಂತ ಕೆಲಸಕ್ಕೆ, ಬೆಳೆಯೋದಕ್ಕೆ ಅಂತ. ವಿಷ ಬಂದು ಆ ಬಾಗಿಲಿಗೇ ಅಂಟಿಕೊಳ್ಳುತ್ತೆ. ಕೋಶಕ್ಕೆ ಗೊತ್ತಾಗಲ್ಲ. ತಾನೇ ಒಳಗೆ ಎಳೆದುಕೊಂಡುಬಿಡುತ್ತೆ."

"ತಾನೇನಾ?"

"ತಾನೇ. ಒಳಗೆ ತಗೊಂಡು ಒಂದು ಸಣ್ಣ ಚೀಲದಲ್ಲಿ ಹಾಕಿ, ಕರಗಿಸೋಣ ಅಂತ ಹುಳಿ ಬಿಡುತ್ತೆ. ಆ ಹುಳಿ ಬಿದ್ದ ಕೂಡಲೇ ವಿಷದ ಆಕಾರ ಬದಲಾಗುತ್ತೆ. ಅದರ ಒಂದು ತುಂಡು ಚೀಲ ದಾಟಿ ಹೊರಗೆ ಬಂದುಬಿಡುತ್ತೆ. ಕೋಶದ ಒಳಗೆ ಹಗಲೂ ರಾತ್ರಿ ಪ್ರೋಟೀನ್ ತಯಾರಾಗ್ತಾ ಇರುತ್ತೆ, ಅದೇ ಅದರ ಜೀವ. ಆ ಕೆಲಸಕ್ಕೆ ಬೇಕಾದ ಒಂದು ಸಾಮಾನನ್ನ ಈ ತುಂಡು ಹುಡುಕಿ ಹುಡುಕಿ ಕೆಡಿಸುತ್ತೆ. ನೀವು ಮಗ್ಗದವರಲ್ವಾ? ಲಾಳಿ ಮುರಿದರೆ ಏನು ಮಾಡ್ತೀರಿ?"

"ಬೇರೆ ಲಾಳಿ ಆಕ್ತೀವಿ."

"ಅಲ್ಲಿ ಬೇರೆ ಲಾಳಿ ಹಾಕಿದರೆ ಅದನ್ನೂ ಮುರಿಯುತ್ತೆ. ಎಲ್ಲಾ ಮುಗಿಯೋವರೆಗೂ ಮುರೀತಾನೇ ಇರುತ್ತೆ. ಒಂದು ಕೋಶ ಸಾಯೋಕೆ ಅಂಥ ಒಂದೇ ಒಂದು ತುಂಡು ಸಾಕು. ಗಂಟಲಲ್ಲಿ ನೋಡಿದಿರಲ್ಲ ಬೂದು ಪೊರೆ, ಅದು ಹಾಗೆ ಸತ್ತ ಕೋಶಗಳೇ. ಗಂಟಲದ್ದು ಮತ್ತೆ ಬೆಳೆಯುತ್ತೆ. ನನಗೆ ಭಯ ಇರೋದು ಹಾರ್ಟಿನದ್ದು. ಹಾರ್ಟಿನ ಕೋಶಕ್ಕೆ ಈ ಬಾಗಿಲು ಜಾಸ್ತಿ."

"ಈಗ ಮದ್ದು ಆಕಿದೀರಲ್ಲ ಮೇಡಂ."

"ಇದು ರಕ್ತದಲ್ಲಿ ಓಡಾಡ್ತಿರೋ ವಿಷಾನ ಮಾತ್ರ ಹಿಡಿಯುತ್ತೆ. ಬಾಗಿಲು ದಾಟಿ ಒಳಗೆ ಹೋಗಿದ್ದನ್ನ ಮುಟ್ಟೋಕೆ ಆಗಲ್ಲ. ಎಷ್ಟು ಒಳಗೆ ಹೋಗಿದೆಯೋ ನನಗೆ ಗೊತ್ತಿಲ್ಲ. ಎರಡು ವಾರ ಕಾಯಬೇಕು."

ರಾಜಾತಿ ಇಳೀತಿದ್ದ ಹನಿಗಳನ್ನ ನೋಡ್ತಾ ಕೇಳಿದಳು. "ಶುಕ್ರವಾರಾನೇ ಆಕಿದ್ರೆ?"

ಸತ್ಯಾ ಡಾಕ್ಟರು ಸುಳ್ಳು ಸಮಾಧಾನ ಹೇಳೋಳಲ್ಲ. "ಶುಕ್ರವಾರ ಆಗಿದ್ದರೆ ಬೇರೆ ಮಾತಮ್ಮ" ಅಂದಳು.

ಗುಂಡಮ್ಮ ಹೊರಗೆ ಜಗಲಿ ಮೇಲೆ ಕೂತಿದ್ದಳು. ರಾಜಾತಿ ಹೋಗಿ ಎದುರಿಗೆ ನಿಂತಳು. ಜನ ಓಡಾಡ್ತಿದ್ದರು, ಯಾರೋ ಸ್ಟ್ರೆಚರ್ ತಳ್ಕೊಂಡು ಹೋದರು. ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ.

"ಯಾಕವ್ವ ಇಂಗ್ಮಾಡ್ದೆ?"

ಗುಂಡಮ್ಮ ಸೆರಗಿಂದ ಮೂಗು ಒರೆಸಿಕೊಂಡಳು. "ಮೊದಲ್ನೇ ಊಸಿ ಆಕ್ಸಿದಾಗ ಮಗು ಎರಡು ದಿನ ಸುಡೋ ಜ್ವರದಾಗೆ ಅತ್ತಳಲ್ಲಾ, ನೆನಪೈತಾ? ನೀನು ಹಾಸಿನ ಕೆಲಸ ಬಿಟ್ಟು ಅವಳನ್ನ ಎತ್ಕೊಂಡು ಕೂತೆ. ಗಂಜಿ ಒಣಗಿ ಎಳೆ ಎಲ್ಲಾ ಅಂಟ್ಕೊಂತು. ಹಾಸು ಪೂರಾ ಕೆಟ್ಟೋಯ್ತು. ಬೀದಿ ಜನದ ಮುಂದೆ ನಿನ್ನ ಗಂಡ ನಿನ್ನ ಕೆನ್ನೆಗೆ ಒಡದ. ಬಾಣಂತಿ ನೀನು, ಕೆಳಕ್ಕೆ ಬಿದ್ದೆ. ನಾನು ನೋಡ್ಕೊಂಡು ನಿಂತಿದ್ದೆ. ಇನ್ನೊಂದು ಸಲ ಅಂಗಾಗ್ಬಾರ್ದು ಅಂತ..."

"ಅಂತ?"

"ಅವಳನ್ನ ಕರ್ಕೊಂಡು ಕೋವಿಲಿಗೆ ಓಗಿ ದೇವ್ರ ಮಂಟಪದಾಗೆ ಕೂರ್ತಿದ್ದೆ. ಮಧ್ಯಾಹ್ನ ಗಂಟ. ಆಮೇಲೆ ಮೆಡಿಕಲ್ ಶಾಪಿನ ಹತ್ತಿ ಅಂಟ್ಸಿ ಕರ್ಕೊಂಡು ಬರ್ತಿದ್ದೆ. ಮೊದಲ್ನೇದು ಬಿದ್ದೈತಲ್ಲ, ಸಾಕು ಅನ್ಕೊಂಡೆ. ನಿನಗೋಸ್ಕರ ಮಾಡ್ದೆ ಮಗಾ. ನಿನ್ನ ಮೈಮ್ಯಾಲೆ ಒಂದು ಏಟು ಬೀಳಬಾರ್ದು ಅಂತ."

ರಾಜಾತಿಗೆ ಆ ಏಟು ನೆನಪೇ ಇರಲಿಲ್ಲ. ನಿಜವಾಗಿ. ಶರವಣಕುಮಾರ್ ಅವತ್ತೇ ಸಾಯಂಕಾಲ ಅತ್ತು ಕಾಲು ಹಿಡಿದಿದ್ದ, ಆಮೇಲೆ ಇವತ್ತಿನವರೆಗೆ ಕೈ ಎತ್ತಿರಲಿಲ್ಲ. ಹೊಡೆದವನೂ ಮರೆತ, ಹೊಡೆಸಿಕೊಂಡವಳೂ ಮರೆತಳು. ನೋಡ್ಕೊಂಡು ನಿಂತವಳು ಮಾತ್ರ ಎಂಟು ವರ್ಷ ಅದನ್ನ ಗಂಟು ಕಟ್ಟಿ ಇಟ್ಟುಕೊಂಡು, ಅದರ ಮೇಲೆ ಹತ್ತಿ ಅಂಟಿಸ್ತಾ ಬಂದಿದ್ದಳು.

"ಅದನ್ನೆಲ್ಲಾ ತಡ್ಕೋತೀನಿ ಅವ್ವ" ಅಂದಳು ರಾಜಾತಿ. ದನಿ ಏರಲಿಲ್ಲ, ಅದೇ ಭಯ ಆಗೋ ಥರ ಇತ್ತು. "ಓದದವಳು, ತಿಳೀದವಳು, ಭಯ ಬಿದ್ದೆ, ಸರಿ. ಶುಕ್ರವಾರ ನಾನು ಅವಳ ತಲೆ ಮ್ಯಾಲೆ ಕೈ ಇಟ್ನಲ್ಲ. ನೀನು ಅಲ್ಲೇ ಇದ್ದೆ. ಸುಳ್ಳಾಣೆ ಅಂತ ನಿನಗೆ ಗೊತ್ತಿತ್ತು. ನನ್ನ ಕೈ ಹಿಡ್ದು ಕೆಳಕ್ಕೆ ಎಳೆಯಾಕೆ ನಿನಗೆ ಆಗ್ಲಿಲ್ವಾ?"

"ನಾಲಿಗೆ ಏಳ್ಲಿಲ್ಲ ಮಗಾ. ಇವತ್ತು ಏಳ್ತೀನಿ, ನಾಳೆ ಏಳ್ತೀನಿ ಅಂತ... ಮಾತ್ರೇಲೇ ಸರಿ ಓಗ್ತದೆ ಅನ್ಕೊಂಡೆ."

"ನಿನ್ನ ಮರ್ಯಾದೆ ಉಳೀಲಿ ಅಂತ ನನ್ನ ಮಗಳ ಕತ್ತು ಕುಯ್ದೆ ನೀನು. ಅದೂ ನನ್ನ ಕೈಯಿಂದಾನೇ. ಓಗು. ಓಮಲೂರಿಗೆ ಓಗು. ನಿನ್ನ ಮುಖ ನನಗೆ ತೋರಿಸಬೇಡ."

ಗುಂಡಮ್ಮ ಚೀಲವನ್ನ ಜಗಲಿ ಮೇಲೇ ಇಟ್ಟು ಎದ್ದು ಹೋದಳು. ರಾಜಾತಿ ಅಳಲಿಲ್ಲ. ಕೈ ತೊಳೆಯೋ ನಲ್ಲಿ ಹತ್ತಿರ ಹೋಗಿ, ಬಲಗೈಯನ್ನ ಸೋಪು ಹಾಕಿ ತಿಕ್ಕಿದಳು, ಮತ್ತೆ ತಿಕ್ಕಿದಳು, ವಾರ್ಡಿನ ಆಯಾ ಬಂದು ನೀರು ನಿಲ್ಲಿಸಮ್ಮಾ ಅನ್ನೋವರೆಗೆ.

ಸಾಯಂಕಾಲ ಶರವಣಕುಮಾರ್ ಬಂದ. ರೋಗ ಹರಡಬಾರದು ಅಂತ ಮನೇಲಿ ಇದ್ದವರಿಗೆಲ್ಲಾ ಸೂಜಿ ಹಾಕಿ ಮಾತ್ರೆ ಕೊಟ್ಟರು, ಗುಂಡಮ್ಮನೂ ಎಲ್ಲಿಂದಲೋ ಬಂದು ಸಾಲಿನಲ್ಲಿ ನಿಂತು ಹಾಕಿಸ್ಕೊಂಡು ಹೋದಳಂತೆ. ಅತ್ತೆ ಎಲ್ಲಿ ಅಂತ ಅವನು ಕೇಳಿದ. ಊರಿಗೆ ಹೋದಳು ಅಂದಳು ರಾಜಾತಿ. ಅಷ್ಟೇ. ಆ ಏಟಿನ ವಿಷಯ ಬಾಯಿಗೆ ಬಂದಿತ್ತು. ಅವನ ಕೆಂಪಗಾದ ಕಣ್ಣು ನೋಡಿ ನುಂಗಿಕೊಂಡಳು.

ನಾಲ್ಕನೇ ದಿನಕ್ಕೆ ಗಂಟಲಿನ ಪೊರೆ ಕಳಚ್ತಾ ಬಂತು. ಕತ್ತಿನ ಊತ ಇಳಿಯಿತು. ಜಯಪ್ರಿಯಾ ಗಂಜಿ ಕುಡಿದಳು, ಕಾರ್ಟೂನ್ ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಗೆದ್ದೆವು ಅಂತ ಮಾರಿಯಮ್ಮನಿಗೆ ಕಾಯಿ ಒಡೆದುಬಿಡೋರು. ರಾಜಾತಿ ಮಾತ್ರ ಗೋಡೆಗೆ ಹಾಕಿದ್ದ ಕ್ಯಾಲೆಂಡರ್ ನೋಡ್ಕೊಂಡು ಎರಡು ವಾರ ಎಣಿಸ್ತಿದ್ದಳು.

ಅವತ್ತೇ ಮಗಳು ಇನ್ನೊಂದು ಮಾತು ಹೇಳಿದ್ದು. "ಅಮ್ಮಾ, ಅಜ್ಜೀನ ಬೈದ್ಯಾ? ಅಜ್ಜೀದು ತಪ್ಪಿಲ್ಲ. ಒಂದನೇ ಕ್ಲಾಸಿಗೆ ಸೇರ್ಸೋವಾಗ ಊಸಿ ಆಕ್ತಾರೆ ಅಂದ್ರಲ್ಲ, ನಾನೇ ಬೇಡ ಅಂತ ಅತ್ತೆ. ಅಜ್ಜಿ ಕೋವಿಲಿಗೆ ಕರ್ಕೊಂಡು ಓಗಿ ಕಡಲೆ ಸುಂಡಲ್ ಕೊಡ್ಸಿದ್ಳು. ಅಮ್ಮಂಗೆ ಏಳ್ಬೇಡ ಅಂದ್ಳು. ನಾನು ಏಳ್ಲೇ ಇಲ್ಲ, ನೋಡು." ಹೆಮ್ಮೆಯಿಂದಾನೇ ಹೇಳಿತು ಮಗು.

ಇದೂ ಒಂದು ಬಾಕಿ ಇತ್ತು. ಮನೇಲಿ ಇದ್ದದ್ದೇ ನಾಲ್ಕು ಜನ. ಅದರಲ್ಲಿ ಇಬ್ಬರು ತಮ್ಮತಮ್ಮಲ್ಲೇ ಗುಟ್ಟು ಮಾಡ್ಕೊಂಡು, ತೊಡೆಗೆ ಹತ್ತಿ ಅಂಟಿಸ್ಕೊಂಡು ಬಂದು, ತನ್ನ ಮುಂದೆ ನಿಂತು ನೋವಾಯ್ತು ಅಂತ ಮುಖ ಮಾಡಿದ್ದರು. ತಾನು ಪೆದ್ದಿ ಹಾಗೆ ಅದಕ್ಕೆ ಊದಿ ಊದಿ ಮುತ್ತು ಕೊಟ್ಟಿದ್ದಳು. ಮಗಳ ಮೇಲೆ ಒಂದು ಕ್ಷಣ ರೋಷ ಬಂತು. ಆ ರೋಷಕ್ಕೆ ನಾಚಿಕೆಯಾಗಿ ಎದ್ದು ಕಿಟಕಿ ಹತ್ತಿರ ಹೋದಳು.

ಒಂಬತ್ತನೇ ದಿನ ಜಯಪ್ರಿಯಾಳ ಮಾತು ಮೂಗಿನಿಂದ ಬರೋಕೆ ಶುರುವಾಯ್ತು. ನೀರು ಕುಡಿದರೆ ಮೂಗಿಂದ ಹೊರಗೆ. ಗಂಟಲಿನ ನರಕ್ಕೆ ವಿಷ ತಾಗಿದೆ, ಅದು ಸರಿ ಹೋಗುತ್ತೆ, ಹೆದರಬೇಡಿ ಅಂದಳು ಸತ್ಯಾ ಡಾಕ್ಟರು. ಹತ್ತನೇ ದಿನ ಎದೆಗೆ ಅಂಟಿಸಿದ್ದ ವೈರುಗಳ ಮಿಷನ್ ಒಂದೊಂದು ಬಡಿತ ಬಿಟ್ಟು ಬಿಟ್ಟು ಓಡೋಕೆ ಹತ್ತಿತು. ಈ ಸಲ ಡಾಕ್ಟರಮ್ಮ ಹೆದರಬೇಡಿ ಅನ್ನಲಿಲ್ಲ.

"ಹಾರ್ಟಿನ ಕೋಶಗಳು ಕೆಲವು ಸತ್ತಿವೆ. ಉಳಿದವು ಕಷ್ಟದಲ್ಲಿ ಕೆಲಸ ಮಾಡ್ತಿವೆ. ಈಗ ನಾವು ಮಾಡಬಹುದಾದ್ದು ಒಂದೇ, ಅವಕ್ಕೆ ಜಾಸ್ತಿ ಕೆಲಸ ಕೊಡದೇ ಇರೋದು. ಏಳಬಾರದು, ಕೂರಬಾರದು. ಅಳಬಾರದು. ಮುಖ್ಯವಾಗಿ ಅಳಬಾರದು. ಈ ಒಂದು ವಾರ ದಾಟಿಸಿಬಿಟ್ಟರೆ ಮಗು ನಿಮ್ಮದು."

ಅಳಬಾರದು ಅಂದರೆ ಮಗು ಕೇಳುತ್ತಾ? ಬೆಳಿಗ್ಗೆಯಿಂದ ಒಂದೇ ರಾಗ. ಅಜ್ಜಿ ವೇಣುಂ, ಅಜ್ಜಿ ಬೇಕು. ಹುಟ್ಟಿದಾಗಿನಿಂದ ಗುಂಡಮ್ಮನ ಪಕ್ಕದಲ್ಲೇ ಮಲಗಿ ಅಭ್ಯಾಸ ಅದಕ್ಕೆ. ರಾಜಾತಿ ಹಾಡಿದಳು, ಕತೆ ಹೇಳಿದಳು, ಕೈ ಹಿಡಿದಳು. ಅವಳ ಹಾಡು ಮಗ್ಗದ ಮುಂದೆ ಕೂತು ಗುನುಗೋ ಹಾಡು, ಮಗು ಮಲಗಿಸೋದಲ್ಲ. ಮಗುವಿನ ಮೈ ಎಲ್ಲಿ ತಟ್ಟಬೇಕು ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಜಯಪ್ರಿಯಾ ಮೂಗಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಮಿಷನ್ ಕೂಗಿತು. ಮಗುವಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ನರ್ಸು ಓಡಿ ಬಂದಳು, ಹಿಂದೆಯೇ ಸತ್ಯಾ.

ಹೇಗೋ ಸಂಭಾಳಿಸಿದ ಮೇಲೆ ಡಾಕ್ಟರಮ್ಮ ರಾಜಾತಿಯನ್ನ ಬಾಗಿಲಾಚೆ ಕರ್ಕೊಂಡು ಹೋಗಿ ಹೇಳಿದಳು. "ನಿಮ್ಮಿಬ್ಬರ ಮಧ್ಯೆ ಏನಿದೆಯೋ ನನಗೆ ಗೊತ್ತು. ನನಗೆ ಬೇಕಾದ್ದು ಅದಲ್ಲ. ಯಾರ ಹತ್ತಿರ ಈ ಮಗು ಸುಮ್ಮನಿರುತ್ತೋ ಅವರನ್ನ ಕರೆಸಿ. ಇನ್ನೊಂದು ಸಲ ಹೀಗೆ ಅತ್ತರೆ ನಾನು ಮಾತು ಕೊಡೋಕಾಗಲ್ಲ."

ಕರೆಸೋದಕ್ಕೆ ಓಮಲೂರಿಗೆ ಹೋಗೋದೇನೂ ಬೇಕಿರಲಿಲ್ಲ. ಗುಂಡಮ್ಮ ಎಲ್ಲೂ ಹೋಗಿರಲಿಲ್ಲ. ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಹತ್ತು ದಿನವೂ ಕೂತಿದ್ದಳು. ಯಾರೋ ಕೊಟ್ಟ ಪೊಟ್ಟಣ ತಿಂದು, ನಲ್ಲಿ ಹತ್ತಿರ ಸೀರೆ ಒಗೆದು ಮೈಮೇಲೇ ಒಣಗಿಸ್ಕೊಂಡು. ರಾಜಾತಿ ಔಷಧಿ ತರೋಕೆ ಹೋಗುವಾಗೆಲ್ಲಾ ನೋಡಿದ್ದಳು, ನೋಡದವಳ ಹಾಗೆ ದಾಟಿದ್ದಳು. ಒಂದೊಂದು ಸಲ, ಆಕೆ ಅಲ್ಲಿ ಕೂತು ಸಾಯಲಿ ಅಂತಲೂ ಅಂದುಕೊಂಡಿದ್ದಳು. ಹೌದು, ಹೆತ್ತ ತಾಯಿಯನ್ನೇ.

ಈಗ ಮಧ್ಯಾಹ್ನದ ಬಿಸಿಲಿನಲ್ಲಿ ಅವಳು ಆ ಮರದ ತನಕ ನಡೆಯಬೇಕಾಯ್ತು. ಸೋತ ಹಾಗಾಗಿತ್ತು. ತನ್ನ ಬೆನ್ನಿಗೆ ಇರಿದವಳ ಹತ್ತಿರವೇ ಹೋಗ್ಬೇಕು, ನೀನಿಲ್ಲದೆ ನನ್ನ ಮಗಳು ಬದುಕಲ್ಲ ಅನ್ನಬೇಕು. ದಾರಿಯಲ್ಲಿ ಎರಡು ಸಲ ನಿಂತಳು. ಮಿಷನ್ನಿನ ಕೂಗು ಕಿವಿಯಲ್ಲೇ ಇತ್ತು. ಮತ್ತೆ ನಡೆದಳು.

"ನಿನ್ನ ಕೇಳ್ತಾವ್ಳೆ" ಅಂದಳು, ಮುಖ ನೋಡದೆ. "ಬಾ. ಅವಳು ಅಳಬಾರದು. ನನ್ನ ಹತ್ರ ಮಾತಾಡಬೇಡ."

ಗುಂಡಮ್ಮ ಎದ್ದಳು. ಕೈಕಾಲು ತೊಳೆದು, ನರ್ಸು ಕೊಟ್ಟ ಮಾಸ್ಕು ಕಟ್ಟಿಕೊಂಡು ರೂಮಿನೊಳಗೆ ಬಂದಳು. ಜಯಪ್ರಿಯಾ ಕಣ್ಣು ತೆರೆದು ನೋಡಿ, ಮೂಗಿನ ದನಿಯಲ್ಲಿ "ಅಜ್ಜಿ" ಅಂದಳು. ಅಷ್ಟೇ. ಅಳು ನಿಂತುಹೋಯ್ತು. ಗುಂಡಮ್ಮ ಮಂಚದ ಅಂಚಿಗೆ ಕೂತು, ಮಗುವಿನ ಎಡ ಮಗ್ಗುಲಲ್ಲಿ, ಪಕ್ಕೆಲುಬು ಮುಗಿಯೋ ಕಡೆ, ಮೂರು ಬೆರಳಿಂದ ಮೆಲ್ಲಗೆ ತಟ್ಟೋಕೆ ಶುರು ಮಾಡಿದಳು. ಮಿಷನ್ನಿನ ಮೇಲೆ ಹಸಿರು ಗೆರೆ ನಿಧಾನ ಆಯಿತು. ಬಡಿತ ಇನ್ನೂ ಬಿಟ್ಟು ಬಿಟ್ಟು ಬರ್ತಿತ್ತು, ಆದರೆ ಮೊದಲಿನಷ್ಟು ಅಲ್ಲ. ರಾಜಾತಿ ಮಂಚದ ಆಚೆ ಕಡೆ ಸ್ಟೂಲ್ ಮೇಲೆ ಕೂತು ಆ ಮೂರು ಬೆರಳನ್ನೇ ನೋಡ್ತಿದ್ದಳು. ಅವುಗಳ ಮೇಲೆ ಅವಳಿಗೆ ಎಷ್ಟು ದ್ವೇಷ ಇತ್ತೋ, ಅವು ತಟ್ಟೋದು ನಿಲ್ಲಿಸಿಬಿಟ್ಟರೆ ಅನ್ನೋ ಭಯವೂ ಅಷ್ಟೇ ಇತ್ತು.

"ಅಜ್ಜಿ, ನಾನು ಸತ್ತೋಗ್ತೀನಾ?" ಕೇಳಿತು ಮಗು. "ಪಕ್ಕದ ರೂಮಿನ ಅಕ್ಕ ಅಂದ್ಳು."

"ಯಾವಳವಳು ಅಂಗಂದವಳು? ನಿನಗೇನೂ ಆಗಕಿಲ್ಲ ನನ್ನ ಬಂಗಾರಿ. ಡಾಕ್ಟ್ರಮ್ಮ ನನ್ನ ಹತ್ರ ಏಳವ್ರೆ. ಶುಕ್ರವಾರ ಮನೆಗೆ ಓಗದೇಯ."

ಡಾಕ್ಟರಮ್ಮ ಹಾಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಗುಂಡಮ್ಮನ ದನಿ ಮಾತ್ರ ಒಂಚೂರೂ ನಡುಗಲಿಲ್ಲ. ತಣ್ಣಗೆ, ಒಳ್ಳೆ ಬೆಲ್ಲದ ಪಾಕದ ಹಾಗಿತ್ತು. ಎಂಟು ವರ್ಷ ತಾನು ಕೇಳಿ ನಂಬಿದ್ದು ಇದೇ ದನಿ ಅಂತ ರಾಜಾತಿಗೆ ಗೊತ್ತಾಯ್ತು. ತಾಯಿಯ ಮುಖವನ್ನ ದಿಟ್ಟಿಸಿ ನೋಡಿದಳು. ಸುಳ್ಳು ಹೇಳೋವಾಗ ಕಣ್ಣಲ್ಲಿ, ಕೆನ್ನೆಯಲ್ಲಿ, ಎಲ್ಲಾದರೂ ಏನಾದರೂ ಗುರುತು ಇರಬೇಕಲ್ಲ. ಇವತ್ತು ಸುಳ್ಳು ಅಂತ ಗೊತ್ತಿದ್ದೂ ಹುಡುಕಿದಳು, ಏನೂ ಸಿಗಲಿಲ್ಲ.

ಜಯಪ್ರಿಯಾ ಪೂರಾ ನಂಬಲಿಲ್ಲ. ಎಂಟು ವರ್ಷದ ಹುಡುಗಿ, ಅಜ್ಜಿ ಜೊತೆ ಸೇರಿ ಗುಟ್ಟು ಮಾಡಿ ಬಲ್ಲವಳು. ಕಣ್ಣನ್ನ ಈ ಕಡೆ ತಿರುಗಿಸಿ ತಾಯಿಯನ್ನ ನೋಡಿತು. ಕೆಳತುಟಿ ಅದುರೋಕೆ ಶುರುವಾಗಿತ್ತು. ಮಿಷನ್ ಒಂದು ಬಡಿತ ಬಿಟ್ಟಿತು, ಇನ್ನೊಂದು ಬಿಟ್ಟಿತು.

"ನಿಜಾನಾ ಅಮ್ಮಾ? ಅಜ್ಜಿ ಏಳೋದು ನಿಜಾನಾ?"

ಗುಂಡಮ್ಮನ ಬೆರಳು ನಿಂತಿತು. ಅವಳೂ ಮಗಳ ಕಡೆ ನೋಡಿದಳು, ಹತ್ತು ದಿನದಲ್ಲಿ ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟು. ರಾಜಾತಿ ಬಗ್ಗಿ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು, ತುಟಿಗೆ ನಗು ತಂದುಕೊಂಡಳು.

"ನಿಜ ಕಣೇ" ಅಂದಳು. "ನಿಮ್ಮಜ್ಜಿ ಯಾವತ್ತಾದ್ರೂ ಸುಳ್ಳು ಏಳವ್ಳಾ?"